ನಾಯಿ ಮುಂಗಾಲು ನೆಕ್ಕಿ ನೆಕ್ಕಿ ಆದ ಹುಣ್ಣಿಗೆ ಖಿನ್ನತೆಯ ಮಾತ್ರೆ: ಯಾವಾಗ, ಎಷ್ಟು, ಎಷ್ಟು ದಿನ?

ಜೆಪಿನಗರ_ಲ್ಯಾಬ್

ಗಂಡು ಲ್ಯಾಬ್ರಡಾರ್, 6 ವರ್ಷ, 28 ಕೆ.ಜಿ. ಎಡ ಮುಂಗಾಲಿನ ಮಣಿಕಟ್ಟಿನ ಮೇಲೆ ಸುಮಾರು 4 ಸೆಂ.ಮೀ. ಅಗಲದ ಹುಣ್ಣಿದೆ. ಕೂದಲು ಉದುರಿ, ಚರ್ಮ ದಪ್ಪಗಾಗಿ, ನಡುವೆ ಕೆಂಪಗೆ ಹಸಿಯಾಗಿದೆ. ಅಂಚು ಮುಟ್ಟಿದರೆ ಗಟ್ಟಿ. 10 ದಿನ ಸೆಫಲೆಕ್ಸಿನ್ ಆ್ಯಂಟಿಬಯಾಟಿಕ್ ಕೊಟ್ಟಾಗ ಒಣಗುತ್ತೆ, ನಿಲ್ಲಿಸಿದ ಮೇಲೆ ಮತ್ತೆ ಅದೇ ಕಥೆ. ಈಗ ಡಾಕ್ಟರು ಫ್ಲುಯೊಕ್ಸೆಟಿನ್ 20 ಮಿ.ಗ್ರಾಂ. ದಿನಕ್ಕೊಂದು ಬರೆದಿದ್ದಾರೆ. ಚರ್ಮದ ಹುಣ್ಣಿಗೆ ಮನುಷ್ಯರ ಖಿನ್ನತೆಯ ಮಾತ್ರೆ ಯಾಕೆ ಅನ್ನೋದು ಮೊದಲ ಪ್ರಶ್ನೆ. ಈ ಡೋಸ್ ಸರಿಯೇ, ಎಷ್ಟು ದಿನ ಕೊಡಬೇಕು ಅನ್ನೋದು ಎರಡನೆಯದು. ರಕ್ತ ಹೀರುವ ಉಣ್ಣೆಗೆ ತಿಂಗಳಿಗೊಮ್ಮೆ ಔಷಧಿ ನೀರಲ್ಲಿ ಮೈ ಒರೆಸುವುದು ಬಿಟ್ಟರೆ ಬೇರೆ ಔಷಧಿ ಏನೂ ಇಲ್ಲ. ಎಕ್ಸ್‌ರೇ, ಥೈರಾಯ್ಡ್ ಪರೀಕ್ಷೆ ಆಗಿಲ್ಲ.

ಪಶುಚರ್ಮ

ನೀವು ಹೇಳುತ್ತಿರುವುದು ಲಿಕ್ ಗ್ರ್ಯಾನುಲೋಮಾದ ಲಕ್ಷಣ. ಪುಸ್ತಕದ ಹೆಸರು ಏಕ್ರಲ್ ಲಿಕ್ ಡರ್ಮಟೈಟಿಸ್. ಲ್ಯಾಬ್ರಡಾರ್, ಡಾಬರ್‌ಮನ್, ಗ್ರೇಟ್ ಡೇನ್, ಜರ್ಮನ್ ಶೆಪರ್ಡ್, ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಜಾಗವೂ ಸಾಮಾನ್ಯವಾಗಿ ಇದೇ, ಮಲಗಿದಾಗ ಬಾಯಿಗೆ ಸುಲಭವಾಗಿ ಸಿಗುವ ಮುಂಗಾಲಿನ ಮಣಿಕಟ್ಟು.

ಇದನ್ನು ಬರೀ ಚರ್ಮರೋಗ ಅಂದುಕೊಂಡರೂ ತಪ್ಪು, ಬರೀ ಮನೋರೋಗ ಅಂದುಕೊಂಡರೂ ತಪ್ಪು. ಶುರುವಾಗುವುದು ಯಾವುದೋ ಒಂದು ಕಾರಣಕ್ಕೆ. ಅಲರ್ಜಿಯ ತುರಿಕೆ ಇರಬಹುದು, ಕೀಲುನೋವು ಇರಬಹುದು, ಒಳಗೆ ಸಿಕ್ಕಿಕೊಂಡ ಮುಳ್ಳು, ಚರ್ಮದೊಳಗಿನ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳ, ಹಳೆಯ ಮೂಳೆಮುರಿತಕ್ಕೆ ಹಾಕಿದ ಪಿನ್ ಇರಬಹುದು, ಒಂಟಿತನದ ಬೇಸರವೂ ಇರಬಹುದು. ನೆಕ್ಕಿದಷ್ಟೂ ಒರಟು ನಾಲಿಗೆಗೆ ಕೂದಲ ಬುಡಗಳು ಒಡೆಯುತ್ತವೆ. ಕೂದಲಿನ ತುಣುಕು, ಕೆರಾಟಿನ್ (ಕೂದಲಿನ ಗಟ್ಟಿ ಪ್ರೋಟೀನ್) ಚರ್ಮದ ಆಳಕ್ಕೆ ಚೆಲ್ಲಿ ಕೂರುತ್ತವೆ. ದೇಹ ಅವನ್ನು ಹೊರಗಿನ ವಸ್ತು ಎಂದೇ ತಿಳಿದು ಉರಿಯೂತ ಎಬ್ಬಿಸುತ್ತದೆ, ಜತೆಗೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಆಳಕ್ಕಿಳಿದು ಬೀಡು ಬಿಡುತ್ತದೆ. ಈಗ ಅಲ್ಲಿ ನಿಜವಾಗಿಯೂ ತುರಿಕೆ, ನೋವು ಎರಡೂ ಇವೆ. ಆದ್ದರಿಂದ ಮೊದಲ ಕಾರಣ ಮಾಯವಾದರೂ ನೆಕ್ಕುವುದು ನಿಲ್ಲುವುದಿಲ್ಲ. ಅಷ್ಟರಲ್ಲಿ ಅದು ಅಭ್ಯಾಸವನ್ನೂ ದಾಟಿ ಗೀಳಾಗಿರುತ್ತದೆ.

10 ದಿನದ ಸೆಫಲೆಕ್ಸಿನ್ ಸೋತದ್ದು ಇದಕ್ಕೇ. ಮೇಲ್ಮೈ ಒಣಗಿತು, ಆಳದ ಸೋಂಕು ಹಾಗೇ ಉಳಿಯಿತು. ಈ ಹುಣ್ಣಿಗೆ ಆ್ಯಂಟಿಬಯಾಟಿಕ್ ಅಂದರೆ ಕನಿಷ್ಠ 6ರಿಂದ 8 ವಾರ. ಬೆರಳಿಟ್ಟು ಒತ್ತಿದಾಗ ಗಟ್ಟಿತನ ಪೂರ್ತಿ ಹೋದ ಮೇಲೂ ಇನ್ನೆರಡು ವಾರ. ಕಣ್ಣಿಗೆ ವಾಸಿಯಾದಂತೆ ಕಂಡಿತೆಂದು ನಿಲ್ಲಿಸಬಾರದು, ಬೆರಳಿಗೆ ವಾಸಿಯಾಗಬೇಕು. ಸೆಫಲೆಕ್ಸಿನ್ ಡೋಸ್ ಕೆ.ಜಿ.ಗೆ 22ರಿಂದ 30 ಮಿ.ಗ್ರಾಂ., ದಿನಕ್ಕೆ ಎರಡು ಸಲ. 28 ಕೆ.ಜಿ.ಗೆ ಒಂದು ಹೊತ್ತಿಗೆ 750 ಮಿ.ಗ್ರಾಂ. ಬರುತ್ತದೆ. ನಿಮಗೆ ಒಂದು ಹೊತ್ತಿಗೆ 500 ಮಾತ್ರ ಬರೆದಿದ್ದರೆ ಅದು ಕಡಿಮೆಯಾಯಿತು.

ಆದರೆ ಹುಣ್ಣು ಮರುಕಳಿಸಿರುವುದರಿಂದ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡುವ ಮೊದಲು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ. ಔಷಧಿಗೆ ಬಗ್ಗದ ಸ್ಟೆಫೈಲೊಕಾಕಸ್ ಈಗ ಅಪರೂಪವಲ್ಲ. ಮೇಲಿನಿಂದ ಹತ್ತಿಯಲ್ಲಿ ಒರೆಸಿ ಕಳಿಸಿದ ಸ್ವಾಬ್ ಸಾಲದು, ಅದರಲ್ಲಿ ಬೆಳೆಯುವುದು ಬಹಳ ಸಲ ಬಾಯಿಯ ಬ್ಯಾಕ್ಟೀರಿಯಾ. ಮೇಲ್ಮೈ ಶುಚಿಮಾಡಿ, ಗಟ್ಟಿ ಅಂಚಿನಿಂದ ಪಂಚ್ ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಂಡು ತೆಗೆದು ಅದನ್ನು ಸ್ಟೆರೈಲ್ ಸಲೈನ್‌ನಲ್ಲಿ ಕಳಿಸಬೇಕು. ಎರಡನೇ ತುಂಡು ಫಾರ್ಮಲಿನ್‌ನಲ್ಲಿ ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ). ಎರಡನ್ನೂ ಒಂದೇ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತುಹೋಗಿ ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ ಅಂತಲೇ ಬರುತ್ತದೆ. ಹಿಸ್ಟೊಪೆಥಾಲಜಿ ಯಾಕೆಂದರೆ ಮಾಸ್ಟ್ ಸೆಲ್ ಗಡ್ಡೆ ಎಂಬ ಚರ್ಮದ ಕ್ಯಾನ್ಸರೂ ಕೆಲವೊಮ್ಮೆ ನೋಡಲು ಹೀಗೇ ಇರುತ್ತದೆ. ಇದರ ಜತೆಗೆ ಚರ್ಮ ಕೆರೆದು ಹುಳ ನೋಡಬೇಕು, ಮಣಿಕಟ್ಟಿನ ಎಕ್ಸ್‌ರೇ ಎರಡು ಕೋನದಿಂದ ತೆಗೆಸಬೇಕು. 6 ವರ್ಷದ ಲ್ಯಾಬ್‌ನಲ್ಲಿ ಕೀಲುಸವೆತ ಬಹಳ ಸಾಧ್ಯ.

ಗುಳಿಗೆ_ಲೆಕ್ಕ

ಪಶುಚರ್ಮ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮೊದಲ ಪ್ರಶ್ನೆಗೆ, ಅಂದರೆ ಖಿನ್ನತೆಯ ಮಾತ್ರೆ ಯಾಕೆ ಅನ್ನುವುದಕ್ಕೆ, ನಾನು ಉತ್ತರಿಸುತ್ತೇನೆ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಮಕ್ಕಳಲ್ಲಿ ಕೈ ತೊಳೆಯುವ ಗೀಳಿನ ಬಗ್ಗೆ ಕೆಲಸ ಮಾಡುತ್ತಿದ್ದವರು ಅವರು. ಕಾಲು ನೆಕ್ಕಿ ಹುಣ್ಣು ಮಾಡಿಕೊಂಡ 42 ನಾಯಿಗಳಿಗೆ ಮದ್ದುಗಳನ್ನು ಜೋಡಿಯಾಗಿ, ಒಂದೊಂದನ್ನು 5 ವಾರ ಕೊಟ್ಟು ಹೋಲಿಸಿದರು. ಕ್ಲೋಮಿಪ್ರಮಿನ್ ಎದುರು ಡೆಸಿಪ್ರಮಿನ್, ಫ್ಲುಯೊಕ್ಸೆಟಿನ್ ಎದುರು ಫೆನ್‌ಫ್ಲುರಮಿನ್, ಸರ್ಟ್ರಲಿನ್ ಎದುರು ಬರೀ ಹುಸಿಮಾತ್ರೆ. ಕ್ಲೋಮಿಪ್ರಮಿನ್, ಫ್ಲುಯೊಕ್ಸೆಟಿನ್ ಕೆಲಸ ಮಾಡಿದವು, ಸರ್ಟ್ರಲಿನ್ ಸ್ವಲ್ಪ ಮಟ್ಟಿಗೆ. ಡೆಸಿಪ್ರಮಿನ್ ಮಾಡಲಿಲ್ಲ. ಡೆಸಿಪ್ರಮಿನ್ ಕೂಡ ಖಿನ್ನತೆಯ ಮಾತ್ರೆಯೇ, ಆದರೆ ಅದರ ಹಿಡಿತ ನಾರ್ಎಪಿನೆಫ್ರಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೆ. ಹಾಗಾಗಿ ಖಿನ್ನತೆಗೆ ಬರೆಯುವ ಮಾತ್ರೆ ಯಾವುದಾದರೂ ನಡೆಯುತ್ತದೆ ಎಂದಲ್ಲ. ನರಕೋಶ ಬಿಟ್ಟ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಮರಳಿ ಹೀರದಂತೆ ತಡೆಯುವ ಮದ್ದೇ ಬೇಕು. ಮನುಷ್ಯರ ಗೀಳುರೋಗದಲ್ಲಿ ಕಂಡಿದ್ದೂ ಇದೇ ಮಾದರಿ. ಮುಂದೆ 1998ರಲ್ಲಿ ಇದೇ ಹುಣ್ಣಿಗೆ ದಿನಕ್ಕೆ 20 ಮಿ.ಗ್ರಾಂ. ಫ್ಲುಯೊಕ್ಸೆಟಿನ್ ಅನ್ನು 6 ವಾರ ಹುಸಿಮಾತ್ರೆಯ ಎದುರು ಪರೀಕ್ಷಿಸಿದಾಗಲೂ ಮದ್ದಿನ ಕಡೆಯೇ ಫಲ ಬಂತು.

ನಮ್ಮಲ್ಲಿ ಸುಲಭವಾಗಿ ಸಿಗುತ್ತೆ ಅಂತ ಅಮಿಟ್ರಿಪ್ಟಿಲಿನ್ ಬರೆಯುವುದಿದೆ. ಅದಕ್ಕೆ ತುರಿಕೆ ತಗ್ಗಿಸುವ, ಮಂಪರು ತರುವ ಗುಣ ಇದೆ, ಗೀಳಿನ ಮೇಲೆ ಹಿಡಿತ ಕಡಿಮೆ. ನಾನಾದರೆ ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ.

ಇನ್ನು ಡೋಸ್. ನಾಯಿಗೆ ಫ್ಲುಯೊಕ್ಸೆಟಿನ್ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ., ದಿನಕ್ಕೊಮ್ಮೆ. 28 ಕೆ.ಜಿ.ಗೆ 20 ಮಿ.ಗ್ರಾಂ. ಅಂದರೆ ಕೆ.ಜಿ.ಗೆ 0.7 ಆಯಿತು. ಮೊದಲ ಒಂದೆರಡು ವಾರ ಹೊಟ್ಟೆ ಒಗ್ಗಲಿ ಎಂದು ಅಷ್ಟೇ ಕೊಡುವುದು ಒಳ್ಳೆಯ ಕ್ರಮ. ಅಲ್ಲೇ ನಿಂತುಬಿಟ್ಟರೆ ಎರಡು ತಿಂಗಳ ನಂತರ ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂದು ಕೈಬಿಡುವುದೇ ಆಗುತ್ತದೆ. ಮುಂದೆ 30ಕ್ಕೆ, ಬೇಕಾದರೆ 40ಕ್ಕೆ ಏರಿಸುವ ಯೋಚನೆ ಇದೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಬೆಳಿಗ್ಗೆ ತಿಂಡಿಯ ಜತೆ ಕೊಡಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಬೇಡಿ, ಕಹಿಗೆ ಅನ್ನವನ್ನೇ ಬಿಟ್ಟೀತು. ಮುದ್ದೆಯ ಸಣ್ಣ ಉಂಡೆಯಲ್ಲಿ ಇಡೀ ಕ್ಯಾಪ್ಸೂಲ್ ಮುಚ್ಚಿ ಕೊಟ್ಟರೆ ಅಗಿಯದೆ ನುಂಗುತ್ತದೆ.

ಫ್ಲುಯೊಕ್ಸೆಟಿನ್ ಬದಲು ಕ್ಲೋಮಿಪ್ರಮಿನ್ ಆದರೆ ಕೆ.ಜಿ.ಗೆ 1 ಮಿ.ಗ್ರಾಂ.ನಿಂದ ಶುರು, ದಿನಕ್ಕೆ ಎರಡು ಸಲ. ಈ ನಾಯಿಗೆ 25 ಮಿ.ಗ್ರಾಂ. ಎರಡು ಹೊತ್ತು 2 ವಾರ, ಆಮೇಲೆ 50 ಎರಡು ಹೊತ್ತು 2 ವಾರ, ಸಾಲದಿದ್ದರೆ 75 ಎರಡು ಹೊತ್ತು. ಇಲ್ಲಿ ಎಡವುವ ಜಾಗ ಒಂದಿದೆ. 75 ಮಿ.ಗ್ರಾಂ. ಮಾತ್ರೆ ಹಲವು ಕಡೆ ನಿಧಾನವಾಗಿ ಕರಗುವ ಎಸ್‌ಆರ್ ರೂಪದಲ್ಲಿ ಸಿಗುತ್ತದೆ. ಅದನ್ನು ಮುರಿದು ಕೊಡಬಾರದು. 25 ಅಥವಾ 50ರ ಸಾದಾ ಮಾತ್ರೆಯನ್ನೇ ಕೇಳಿ ತನ್ನಿ. ನಾಯಿಯ ಮೈಯಲ್ಲಿ ಈ ಮದ್ದು ಬೇಗ ಇಳಿಯುತ್ತದೆ, ಒಂದು ಹೊತ್ತು ತಪ್ಪಿಸಬಾರದು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ.

ಪಶುಚರ್ಮ

ಮಾತ್ರೆ ಶುರುಮಾಡುವ ಮೊದಲೇ ಥೈರಾಯ್ಡ್‌ಗೆ ರಕ್ತ ಕೊಡಿ. ಕ್ಲೋಮಿಪ್ರಮಿನ್ ನಾಯಿಗಳಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಗಣನೀಯವಾಗಿ ಇಳಿಸುತ್ತದೆ. ಶುರುವಾದ ಮೇಲೆ ಪರೀಕ್ಷೆ ಮಾಡಿಸಿದರೆ, ಇಲ್ಲದ ಥೈರಾಯ್ಡ್ ಕೊರತೆಗೆ ಜೀವನಪರ್ಯಂತ ಮಾತ್ರೆ ನುಂಗಿಸಿದಂತೆ ಆದೀತು. ಸಲ್ಫಾ ಆ್ಯಂಟಿಬಯಾಟಿಕ್‌ಗಳೂ ಹೀಗೇ ಮಾಡುತ್ತವೆ. ಅದೇ ರಕ್ತದಲ್ಲಿ ಲಿವರ್, ಕಿಡ್ನಿ ನೋಡಿಸಿ. ವಯಸ್ಸಾದ ನಾಯಿಗೆ ಕ್ಲೋಮಿಪ್ರಮಿನ್ ಕೊಡುವುದಾದರೆ ಇಸಿಜಿ ಕೂಡ.

ಗುಳಿಗೆ_ಲೆಕ್ಕ

ಉಣ್ಣೆಗೆ ಒರೆಸುವ ಔಷಧಿ ಯಾವುದು? ಬಾಟಲಿಯ ಮೇಲೆ ನೋಡಿ ಹೇಳಿ. ಇದಕ್ಕೆ ಉತ್ತರ ಸಿಗುವವರೆಗೆ ಮೊದಲ ಕ್ಯಾಪ್ಸೂಲ್ ಕೊಡಬೇಡಿ.

ಜೆಪಿನಗರ_ಲ್ಯಾಬ್

ಅಮಿಟ್ರಾಜ್ 12.5% ಅಂತಿದೆ. ಹಿಂದಿನ ವಾರ ಹಾಕಿದ್ದು. ಮಾತ್ರೆ ಇನ್ನೂ ಶುರು ಮಾಡಿಲ್ಲ.

ಗುಳಿಗೆ_ಲೆಕ್ಕ

ಶುರು ಮಾಡದೇ ಇದ್ದದ್ದು ಒಳ್ಳೆಯದಾಯಿತು. ಅಮಿಟ್ರಾಜ್ ಬರೀ ಉಣ್ಣೆಯ ವಿಷವಲ್ಲ, ಎಂಎಒ ಎಂಬ ಕಿಣ್ವವನ್ನೂ ತಡೆಯುತ್ತದೆ. ಸೆರೊಟೋನಿನ್ ಒಡೆಯುವುದು ಆ ಕಿಣ್ವವೇ. ಒಂದು ಕಡೆ ಫ್ಲುಯೊಕ್ಸೆಟಿನ್ ಸೆರೊಟೋನಿನ್ ಮರಳಿ ಹೀರದಂತೆ ತಡೆಯುತ್ತದೆ, ಇನ್ನೊಂದು ಕಡೆ ಅಮಿಟ್ರಾಜ್ ಅದನ್ನು ಒಡೆಯದಂತೆ ತಡೆಯುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ಸಿಂಡ್ರೋಮ್. ಮೈ ನಡುಕ, ಚಡಪಡಿಕೆ, ಅಗಲವಾದ ಪಾಪೆ, ಜೊಲ್ಲು, ಭೇದಿ, ತೂರಾಟ, ಮೈ ಕಾದು ಫಿಟ್ಸ್‌ವರೆಗೆ ಹೋಗಬಹುದು. ಇಂಥ ಲಕ್ಷಣ ಕಂಡರೆ ಮನೆಯಲ್ಲಿ ಕಾಯದೆ ನೇರ ಆಸ್ಪತ್ರೆಗೆ.

ಕೊನೆಯ ಸಲ ಒರೆಸಿದ ದಿನದಿಂದ ಕನಿಷ್ಠ 2 ವಾರ ಬಿಟ್ಟು ಮಾತ್ರೆ ಶುರುಮಾಡಿ. ಹಿಂದುಮುಂದಾದರೆ ಅಂತರ ಇನ್ನೂ ಹೆಚ್ಚು ಬೇಕು. ಫ್ಲುಯೊಕ್ಸೆಟಿನ್ ಮೈಯಿಂದ ಪೂರ್ತಿ ಹೋಗಲು ವಾರಗಳು ಹಿಡಿಯುವುದರಿಂದ, ನಿಲ್ಲಿಸಿದ ಮೇಲೆ 5ರಿಂದ 6 ವಾರ ಅಮಿಟ್ರಾಜ್ ಮುಟ್ಟಬಾರದು. ಅಮಿಟ್ರಾಜ್ ಇರುವ ಕುತ್ತಿಗೆ ಪಟ್ಟಿಗೂ ಇದೇ ನಿಯಮ. ಡಾಕ್ಟರು ಬರೆಯುವಾಗ ‘ಬೇರೆ ಮಾತ್ರೆ ಕೊಡ್ತಿದ್ದೀರಾ’ ಎಂದು ಕೇಳುತ್ತಾರೆ, ನಾವು ‘ಇಲ್ಲ’ ಅನ್ನುತ್ತೇವೆ. ಬಕೆಟ್ಟಿನಲ್ಲಿ ಕಲಸಿ ಒರೆಸುವುದನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಅದರ ಬದಲು ಫಿಪ್ರೊನಿಲ್ ಬಳಸಬಹುದು. ಫ್ಲುರಲನರ್, ಅಫಾಕ್ಸೊಲನರ್ ಜಾತಿಯ ಅಗಿಯುವ ಮಾತ್ರೆಯೂ ಆಗುತ್ತದೆ. ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಮಾತ್ರ ಹೇಳಿ. ಈ ಜಾತಿಯ ಮಾತ್ರೆಗಳು, ಫ್ಲುಯೊಕ್ಸೆಟಿನ್, ಕ್ಲೋಮಿಪ್ರಮಿನ್ ಎಲ್ಲವೂ ಫಿಟ್ಸ್ ಬರುವ ನಾಯಿಗೆ ಒಗ್ಗದವು.

ಕೀಲುನೋವು ಪತ್ತೆಯಾದರೆ ಟ್ರಮಡಾಲ್ ಬರೆದಾರು. ಅದೂ ಸೆರೊಟೋನಿನ್ ಏರಿಸುವ ಮದ್ದು, ಈ ಮಾತ್ರೆ ನಡೆಯುತ್ತಿದೆ ಎಂದು ನೆನಪಿಸಿ. ಮೆಲಾಕ್ಸಿಕಾಂ, ಕಾರ್ಪ್ರೊಫೆನ್‌ನಂಥ ನೋವಿನ ಮಾತ್ರೆಯ ಜತೆ ಫ್ಲುಯೊಕ್ಸೆಟಿನ್ ನಡೆದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಾಧ್ಯತೆ ಹೆಚ್ಚು. ಮಲ ಡಾಂಬರಿನಂತೆ ಕಪ್ಪಗಾಯಿತೇ ಎಂದು ದಿನಾ ನೋಡಬೇಕು.

ಬಾಲ_ಬಲ್ಲವರು

ಮಾತ್ರೆಯಿಂದ ಏನು ನಿರೀಕ್ಷಿಸಬೇಕು ಅನ್ನೋದನ್ನೂ ಹೇಳಿಬಿಡೋಣ, ಇಲ್ಲದಿದ್ದರೆ ಮೂರನೇ ವಾರಕ್ಕೇ ನಿಲ್ಲಿಸುತ್ತಾರೆ. ಮೊದಲ ವಾರ ಊಟ ಕಡಿಮೆ, ಸ್ವಲ್ಪ ಮಂಕು. ಲ್ಯಾಬ್ ಊಟ ಬಿಟ್ಟರೆ ಮನೆಯವರಿಗೆ ಗಾಬರಿ ಸಹಜ. ಬಿಸಿ ಮಾಡಿದ ಕೋಳಿಸಾರು ಕಲಸಿ ಕೊಡಿ. ಇಡೀ ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಡೋಸ್ ತಗ್ಗಿಸಬೇಕು. ಕ್ಲೋಮಿಪ್ರಮಿನ್‌ನಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಇವೆ. ಬೆಳಗಿನ ವಾಕಿಂಗ್‌ನಲ್ಲಿ ಮೂತ್ರ ಸರಾಗ ಹೋಗುತ್ತಿದೆಯೇ ನೋಡಿ. ಅಪರೂಪಕ್ಕೆ ಕೆಲವು ನಾಯಿ ಸಿಡುಕಾಗುತ್ತವೆ. ಹಿಂದೆ ಯಾವತ್ತೂ ಗುರುಗುಟ್ಟದ ನಾಯಿ ಮಕ್ಕಳ ಮೇಲೆ ಗುರುಗುಟ್ಟಿದರೆ ಅದನ್ನು ಅಡ್ಡಪರಿಣಾಮ ಎಂದೇ ತಿಳಿದು ಡಾಕ್ಟರಿಗೆ ತಿಳಿಸಿ.

ನೆಕ್ಕುವುದು ಕಡಿಮೆಯಾಗಲು 4ರಿಂದ 6 ವಾರ ಬೇಕು. 8 ವಾರ ಸರಿಯಾದ ಡೋಸ್ ಕೊಡದೆ ‘ಫಲವಿಲ್ಲ’ ಎಂಬ ತೀರ್ಮಾನ ಬೇಡ. ಹುಣ್ಣು ಕುಗ್ಗುವುದು ಇನ್ನೂ ಆಮೇಲೆ.

ಅಳೆಯುವ ಕ್ರಮ ಹೀಗಿರಲಿ. ಭಾನುವಾರ ಬೆಳಿಗ್ಗೆ, ಅದೇ ಕಿಟಕಿಯ ಬೆಳಕಿನಲ್ಲಿ, ಹುಣ್ಣಿನ ಪಕ್ಕ 5 ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ನಾಣ್ಯದ ಜತೆ ಹೋಲಿಸಿದರೆ ಅರ್ಧ ಸೆಂ.ಮೀ. ಕುಗ್ಗಿದ್ದೂ ತಿಳಿಯುತ್ತದೆ. ಅಂಚಿನಲ್ಲಿ ಸಣ್ಣ ಕಪ್ಪು ಕೂದಲು ಚುಕ್ಕಿ ಚುಕ್ಕಿಯಾಗಿ ಮೂಡಿದರೆ ಅದು ನಿಜವಾದ ಗುಣ. ಹಳೆಯ ಹುಣ್ಣಿನ ನಟ್ಟನಡುವೆ ಕೂದಲ ಬುಡವೇ ನಾಶವಾಗಿದ್ದರೆ ಅಲ್ಲಿ ಬೋಳು ಕಲೆ ಉಳಿಯುತ್ತದೆ, ಅದನ್ನು ಸೋಲು ಎನ್ನಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಹಳೆ ಫೋನಿನಲ್ಲಿ ವಿಡಿಯೊ ಇಡಿ. ಬಹಳ ನಾಯಿಗಳು ಎದುರಿಗೆ ನೆಕ್ಕುವುದು ಬಿಟ್ಟು ಒಂಟಿಯಾಗಿದ್ದಾಗ ಮಾತ್ರ ನೆಕ್ಕುತ್ತವೆ.

ಬೈಯುವುದು, ಹೊಡೆಯುವುದು ಪೂರ್ತಿ ಬಿಡಬೇಕು. ಹೆದರಿಕೆ ಹೆಚ್ಚಿದಷ್ಟೂ ಗೀಳು ಹೆಚ್ಚು. ‘ಅಯ್ಯೋ ಬಂಗಾರ’ ಎಂದು ಓಡಿಹೋಗಿ ಮುದ್ದಿಸುವುದೂ ಬೇಡ, ನೆಕ್ಕಿದರೆ ಗಮನ ಸಿಗುತ್ತದೆ ಎಂದು ಕಲಿಯುತ್ತದೆ. ನೆಕ್ಕಲು ಶುರುಮಾಡುವ ಹೊತ್ತನ್ನು ವಿಡಿಯೊದಲ್ಲಿ ಗುರುತಿಸಿ, ಅದಕ್ಕಿಂತ ಸ್ವಲ್ಪ ಮುಂಚೆಯೇ ಬೇರೆ ಕೆಲಸ ಕೊಡಿ. ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿ ಗಟ್ಟಿಮಾಡಿ ಕೊಟ್ಟರೆ ಸಾಕಷ್ಟು ಹೊತ್ತು ನಾಲಿಗೆಗೆ ಕೆಲಸ ಸಿಗುತ್ತದೆ. ಊಟ, ವಾಕಿಂಗ್ ದಿನಾ ಒಂದೇ ಹೊತ್ತಿಗೆ. ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕಿ ಬರೀ ಮಾತ್ರೆ ಕೊಟ್ಟರೆ ಯಾವ ಮದ್ದೂ ಗೆಲ್ಲುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ಮಲೆನಾಡ_ನಾಯಿಗೂಡು

ನೆಕ್ಕದಂತೆ ಕುತ್ತಿಗೆಗೆ ಕಟ್ಟುವ ಕೋನ್ ಹಾಕಬೇಕೇ? ಬೇವಿನೆಣ್ಣೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದರೆ ಆಗುವುದಿಲ್ಲವೇ? ನಮ್ಮ ಕಡೆ ಮಳೆಗಾಲದಲ್ಲಿ ಕೋನ್ ಒಳಗೆಲ್ಲ ಒದ್ದೆ.

ಪಶುಚರ್ಮ

ಕೋನ್ ಬೇಕು, ಮಾತ್ರೆ ಕೆಲಸ ಶುರುಮಾಡುವ ಮೊದಲ 6 ವಾರವಂತೂ ಬೇಕೇ ಬೇಕು. ಗಟ್ಟಿ ಪ್ಲಾಸ್ಟಿಕ್‌ನದು, ಮೂಗಿನ ತುದಿಗಿಂತ ನಾಲ್ಕೈದು ಸೆಂ.ಮೀ. ಮುಂದೆ ಚಾಚಿರಬೇಕು. ಗಾಳಿ ತುಂಬುವ ಉಂಗುರದಂಥ ಕಾಲರ್ ಹಾಕಿದರೆ ಮಣಿಕಟ್ಟು ಆರಾಮವಾಗಿ ಬಾಯಿಗೆ ಸಿಗುತ್ತದೆ, ಈ ಹುಣ್ಣಿಗೆ ಅದು ಪ್ರಯೋಜನವಿಲ್ಲ. ದಿನಕ್ಕೆರಡು ಸಲ ಬಿಚ್ಚಿ ಒರೆಸಿ, ಕುತ್ತಿಗೆ ಸುತ್ತ ಉಜ್ಜಿದ ಗಾಯ ಆಗಿದೆಯೇ ನೋಡಿ, ಕಣ್ಣೆದುರಲ್ಲೇ ಊಟ ಹಾಕಿ ಮತ್ತೆ ಕಟ್ಟಿ. ಕೋನ್ ಮಾತ್ರ ಹಾಕಿ ಒಳಗಿನ ಕಾರಣ ಬಿಟ್ಟರೆ ನಾಯಿ ಇನ್ನೊಂದು ಕಾಲನ್ನೋ ಬಾಲದ ಬುಡವನ್ನೋ ಹಿಡಿಯುತ್ತದೆ, ಅದೂ ನೆನಪಿರಲಿ.

ಬಟ್ಟೆ ಸುತ್ತಬೇಡಿ. ಮಲೆನಾಡಿನ ಥಂಡಿಯಲ್ಲಿ ಅದರೊಳಗೆ ತೇವ ನಿಂತು ಆಳದ ಕೀವು ಹೆಚ್ಚುತ್ತದೆ, ಬಿಗಿಯಾದರೆ ಪಾದ ಊದುತ್ತದೆ. ಎಣ್ಣೆ ಯಾವುದೇ ಆಗಲಿ, ನೆಕ್ಕಲು ಇನ್ನೊಂದು ಕಾರಣ ಅಷ್ಟೆ. ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಒರೆಸಿ, ಒಣಗಿಸಿ, ಮ್ಯುಪಿರೊಸಿನ್ ಮುಲಾಮು ತೆಳ್ಳಗೆ ಹಚ್ಚಿ, ಕೋನ್ ಕಟ್ಟಿ. ಇಷ್ಟೇ ಮೇಲ್ಮೈ ಚಿಕಿತ್ಸೆ.

ನನಗೆ ಹೆಚ್ಚು ಚಿಂತೆ ಇರುವುದು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಸಿಗುವ ಮೂರು-ಮದ್ದಿನ ಟ್ಯೂಬ್‌ಗಳ ಬಗ್ಗೆ. ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟಿರಾಯ್ಡ್, ಒಂದು ಆ್ಯಂಟಿಬಯಾಟಿಕ್, ಒಂದು ಫಂಗಸ್ ಮದ್ದು ಸೇರಿಸಿದ್ದು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಎಲ್ಲರಿಗೂ ಖುಷಿ. ಒಳಗೆ ಸೋಂಕು ಹರಡುತ್ತಿರುತ್ತದೆ, ನೆಕ್ಕಿದ ಸ್ಟಿರಾಯ್ಡ್ ಹೊಟ್ಟೆಗೆ ಹೋಗಿ ನೀರಡಿಕೆ, ಮೂತ್ರ ಎರಡೂ ಹೆಚ್ಚುತ್ತವೆ. ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮನ್ನಂತೂ ನಾಯಿ ಇರುವ ಮನೆಯಲ್ಲಿ ಕೈಗೆಟುಕದಂತೆ ಇಡಿ, ಸ್ವಲ್ಪ ನೆಕ್ಕಿದರೂ ರಕ್ತದ ಕ್ಯಾಲ್ಸಿಯಂ ಏರಿ ಪ್ರಾಣಕ್ಕೆ ಬರುತ್ತದೆ. ಹುಣ್ಣನ್ನೇ ಕೊಯ್ದು ತೆಗೆದುಬಿಡೋಣ ಎನ್ನುವವರಿಗೆ: ಆ ಜಾಗದಲ್ಲಿ ಎಳೆದು ಹೊಲಿಯಲು ಸಡಿಲ ಚರ್ಮವೇ ಇಲ್ಲ, ಗೀಳು ಉಳಿದಿದ್ದರೆ ಹೊಲಿಗೆಯನ್ನೇ ನೆಕ್ಕುತ್ತದೆ.

ಮಾರ್ಜಾಲ_ಮನೆ

ಬೆಕ್ಕಿಗೂ ಇದೇ ಮಾತ್ರೆಯೇ? ಹೊಟ್ಟೆ, ಒಳತೊಡೆ ನೆಕ್ಕಿ ಬೋಳಾಗಿದೆ, ‘ಸ್ಟ್ರೆಸ್’ ಅಂದರು. 4 ಕೆ.ಜಿ. ಇದೆ.

ಪಶುಚರ್ಮ

ಬೆಕ್ಕಿನಲ್ಲಿ ‘ಸ್ಟ್ರೆಸ್’ ಅನ್ನುವ ತೀರ್ಮಾನ ಕಟ್ಟಕಡೆಗೆ ಬರಬೇಕು. 2006ರ ಅಧ್ಯಯನವೊಂದರಲ್ಲಿ ಮಾನಸಿಕ ಕಾರಣದ್ದು ಎಂದು ಶಂಕಿಸಿದ್ದ 21 ಬೆಕ್ಕುಗಳನ್ನು ಕ್ರಮವಾಗಿ ಪರೀಕ್ಷಿಸಿದಾಗ 16ಕ್ಕೆ ದೈಹಿಕ ಕಾರಣವೇ ಸಿಕ್ಕಿತು, 3ಕ್ಕೆ ಎರಡೂ ಇದ್ದವು, ಬರೀ ಮಾನಸಿಕ ಎಂದು ಉಳಿದದ್ದು 2 ಮಾತ್ರ. ಮೊದಲು ಚಿಗಟಕ್ಕೆ ಬಿಗಿಯಾದ ಚಿಕಿತ್ಸೆ, ಆಮೇಲೆ 8 ವಾರ ಒಂದೇ ಬಗೆಯ ಅಲರ್ಜಿರಹಿತ ಆಹಾರ. ಹೊಟ್ಟೆಯ ಕೆಳಭಾಗವೇ ಬೋಳಾಗಿದ್ದರೆ ಮೂತ್ರಕೋಶದ ನೋವೂ ಇರಬಹುದು, ಮೂತ್ರ ಪರೀಕ್ಷೆ ಮಾಡಿಸಿ.

ಗುಳಿಗೆ_ಲೆಕ್ಕ

ಅಷ್ಟಾದ ಮೇಲೂ ಬೇಕಾದರೆ ಬೆಕ್ಕಿಗೆ ಫ್ಲುಯೊಕ್ಸೆಟಿನ್ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ., ದಿನಕ್ಕೊಮ್ಮೆ. 4 ಕೆ.ಜಿ.ಗೆ 2ರಿಂದ 4 ಮಿ.ಗ್ರಾಂ. 10 ಮಿ.ಗ್ರಾಂ. ಕ್ಯಾಪ್ಸೂಲಿನ ಪುಡಿಯನ್ನು ಕಣ್ಣಳತೆಯಲ್ಲಿ ಭಾಗ ಮಾಡಬೇಡಿ, ಒಂದು ದಿನ 1, ಇನ್ನೊಂದು ದಿನ 5 ಹೋಗುತ್ತದೆ. 5 ಮಿ.ಲೀ.ಗೆ 20 ಮಿ.ಗ್ರಾಂ. ಇರುವ ಸಿರಪ್ ಆದರೆ ಅರ್ಧ ಮಿ.ಲೀ.ಗೆ 2 ಮಿ.ಗ್ರಾಂ., 1 ಮಿ.ಲೀ. ಸಿರಿಂಜಿನಲ್ಲಿ ನಿಖರವಾಗಿ ಅಳೆಯಬಹುದು. ನಾಯಿಗೆ ಸಿರಪ್ ಕೊಡುವವರು ಮಾತ್ರ ಲೇಬಲ್‌ನಲ್ಲಿ ಜೈಲಿಟಾಲ್ ಇದೆಯೇ ನೋಡಲೇಬೇಕು. ಆ ಸಿಹಿಪದಾರ್ಥ ನಾಯಿಯ ಸಕ್ಕರೆ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ.

ಜೆಪಿನಗರ_ಲ್ಯಾಬ್

ಎಲ್ಲರಿಗೂ ಧನ್ಯವಾದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬಯಾಪ್ಸಿ, ಎಕ್ಸ್‌ರೇ ವಿಚಾರಿಸುತ್ತೇನೆ. ಕೊನೆಯ ಪ್ರಶ್ನೆ, ವಾಸಿಯಾದ ಮೇಲೆ ಮಾತ್ರೆ ನಿಲ್ಲಿಸುವುದು ಹೇಗೆ?

ಗುಳಿಗೆ_ಲೆಕ್ಕ

ಹುಣ್ಣು ಚಪ್ಪಟೆಯಾಗಿ, ನೆಕ್ಕುವುದು ನಿಂತ ಮೇಲೂ ಕನಿಷ್ಠ 2 ತಿಂಗಳು ಅದೇ ಡೋಸ್. ಆ ಹೊತ್ತಿಗೆ ಆ್ಯಂಟಿಬಯಾಟಿಕ್ ಮುಗಿದಿರಬೇಕು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ, ಮತ್ತೆ ಶುರುವಾದಾಗ ಯಾವುದು ಕೈಕೊಟ್ಟಿತು ಎಂದು ತಿಳಿಯುವುದಿಲ್ಲ. ಆಮೇಲೆ 2 ವಾರಕ್ಕೊಮ್ಮೆ ಕಾಲುಭಾಗ ಇಳಿಸಿ: 40 ಇದ್ದರೆ 30, 20, 10, ಆಮೇಲೆ ಬಿಡುವುದು. ಒಂದು ಹಂತದಲ್ಲಿ ನೆಕ್ಕಲು ಶುರುಮಾಡಿದರೆ ಹಿಂದಿನ ಹಂತಕ್ಕೆ ಮರಳಿ ಒಂದೆರಡು ತಿಂಗಳು ಅಲ್ಲೇ ನಿಲ್ಲಿ. ಕೆಲವು ನಾಯಿಗಳಿಗೆ ಸಣ್ಣ ಡೋಸ್ ಜೀವನಪರ್ಯಂತ ಬೇಕಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, 6 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇದ್ದರೆ ಸಾಕು.

ಬಾಲ_ಬಲ್ಲವರು

ಇಳಿಸಲು ಶುರುಮಾಡುವ ತಿಂಗಳನ್ನೂ ನೋಡಿ ಆರಿಸಿ. ದೀಪಾವಳಿಯ ಮುಂಚಿನ ತಿಂಗಳು ಬೇಡ, ಮನೆ ಬದಲಿಸುವ ತಿಂಗಳು ಬೇಡ, ಮಕ್ಕಳ ರಜೆ ಮುಗಿದು ನಾಯಿ ಮತ್ತೆ ಒಂಟಿಯಾಗುವ ವಾರವೂ ಬೇಡ. ಪಟಾಕಿ ಮುಗಿದು ಎರಡು ವಾರ ಕಳೆದ ಮೇಲೆ, ವಿಡಿಯೊದಲ್ಲಿ ನೆಕ್ಕುವುದು ಕಾಣದಿದ್ದರೆ ಮೊದಲ ಹಂತ ಇಳಿಸಿ.